ಮನೆಗೆ ತಾಗದ ಕೋಣೆ

ಆರ್ಹೂಸ್
5 ಅಕ್ಟೋಬರ್ 1997, ಭಾನುವಾರ

ಪ್ರೀತಿಯ ಅಪ್ಪ,

ಇಂಗ್ಲೆಂಡಿನ ಹಾಸ್ಟೆಲ್ಲಿನಲ್ಲಿ ಭಾನುವಾರ ಮನೆಗೆ ಪತ್ರ ಬರೆಯದವರನ್ನು ಊಟಕ್ಕೆ ಬಿಡುತ್ತಿರಲಿಲ್ಲ. ಒಂಬತ್ತು ವರ್ಷ ಹಾಗೆ ಕಳೆದವಳಿಗೆ ಇಲ್ಲಿ ಯಾರೂ ಕೇಳದಿದ್ದರೂ ಭಾನುವಾರ ಹನ್ನೊಂದಾದರೆ ಕೈ ತಾನಾಗಿ ಹಾಳೆ ಹುಡುಕುತ್ತದೆ. ನಮ್ಮ ದ್ವೀಪದ ಭಾಷೆಯಲ್ಲಿ ಬರೆಯುವಾಗ ನನಗೆ ತಪ್ಪುಗಳಾಗುತ್ತವೆ, ಗೊತ್ತು. ಅರ್ಧ ಇಂಗ್ಲಿಷಿನವಳು ಎಂದು ಊರಿನವರು ನಗುವ ಹಾಗೆ ನೀನು ನಗಬೇಡ.

ಫೋನಿನಲ್ಲಿ ಹೇಳೋಣವೆಂದರೆ ಅದು ಇಲ್ಲಿಯ ಹಾಸ್ಟೆಲ್ಲಿನ ಕಾರಿಡಾರಿನಲ್ಲಿದೆ, ಹೋಗುವವರು ಬರುವವರು ಎಲ್ಲರೂ ಕೇಳುತ್ತಾರೆ. ಅದೂ ಅಲ್ಲದೆ ನೀನು ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲ. ಹೋದ ವಾರ ಮೂರು ದಿನ ಜ್ವರವಿತ್ತು ಎಂದು ನಾನು ಹೇಳಿದ್ದಕ್ಕೆ ನೀನು ‘ಬಹಳ ಒಳ್ಳೇದಾಯ್ತು’ ಎಂದು ಹೇಳಿ ಇಟ್ಟುಬಿಟ್ಟೆ. ಬೇಜಾರಿಲ್ಲ. ಸ್ವಲ್ಪ ಇದೆ.

ವಿಷಯ ಏನೆಂದರೆ, ಇಲ್ಲಿಯ ಸಂಗೀತ ಶಾಲೆಯಲ್ಲಿ ಮೊದಲ ವರ್ಷದ ಹಾಡುಗಾರಿಕೆಯವರು ಫೆಬ್ರವರಿಯಲ್ಲಿ ನಾಲ್ಕು ಜನ ಪರೀಕ್ಷಕರ ಮುಂದೆ ಹಾಡಬೇಕು. ಇಲ್ಲವೆಂದರೆ ಮಾರ್ಚ್ ಒಂದರೊಳಗೆ ಮೂರು ಹಾಡು ಟೇಪಿನಲ್ಲಿ ಕೊಡಬಹುದು. ಎರಡೂ ಆಗದಿದ್ದರೆ ಸೀಟು ಹೋಗುತ್ತದೆ. ನಾನು ಟೇಪ್ ಕೊಡುತ್ತೇನೆ ಎಂದಿದ್ದೇನೆ. (ತರಗತಿ ಚೆನ್ನಾಗಿಯೇ ನಡೆಯುತ್ತಿದೆ. ಟೇಪ್ ಅನುಕೂಲ, ಅಷ್ಟೆ.) ರೆಕಾರ್ಡರನ್ನು ಶಾಲೆಯವರೇ ಎರವಲು ಕೊಡುತ್ತಾರೆ. ಆದರೆ ಇಲ್ಲಿ ಪಕ್ಕದ ಕೋಣೆಯವಳು ಸೇಬು ಕಚ್ಚಿದರೆ ನನಗೆ ಕೇಳಿಸುತ್ತದೆ. ನಾನು ಹಾಡಿದರೆ ಅವಳಿಗೆ ಕೇಳಿಸದೆ ಇರುತ್ತದೆಯೆ?

ನಮ್ಮ ಮನೆಯ ಕೆಳಗಿನ ನೆಲಮಾಳಿಗೆಯಲ್ಲಿ ಒಂದು ಕೋಣೆ ಮಾಡಿಕೊಡುತ್ತೀಯ? ಚಿಕ್ಕದು ಸಾಕು. ಒಳಗಿನ ಸದ್ದು ಹೊರಗೆ ಯಾರಿಗೂ, ಯಾರೆಂದರೆ ಯಾರಿಗೂ, ಕೇಳಿಸಬಾರದು. ಕ್ರಿಸ್ಮಸ್‌ಗೆ ಈ ಸಲ ಅಮ್ಮನ ಸರದಿ, ಇಂಗ್ಲೆಂಡಿಗೆ, ಗ್ರಿಮ್ಸ್‌ಬಿಗೆ ಹೋಗಬೇಕು. ಫೆಬ್ರವರಿ ರಜೆಗೆ ಊರಿಗೆ ಬರುತ್ತೇನೆ. ಕಷ್ಟವಾದರೆ ಬೇಡ. ನಿಜವಾಗಿ ಬೇಡ. ಆದರೆ ಸಾಧ್ಯವಾದರೆ ಒಳ್ಳೆಯದು.

ನಿನ್ನ
ಮಾರ್ಯುನ್


ಹಮ್ರಾವಿಕ್
19 ಅಕ್ಟೋಬರ್ 1997

ಮಾರ್ಯುನ್,

ಪತ್ರ ಬಂತು. ಕೋಣೆ ಆಗುತ್ತದೆ.

ನೆಲಮಾಳಿಗೆಯಿಂದ ಹಳೆಯ ಎಂಜಿನ್ನು, ಎರಡು ಪೀಪಾಯಿ, ನಿನ್ನ ಅಜ್ಜನ ಮುರಿದ ಹುಟ್ಟು ಎಲ್ಲ ಹೊರಗೆ ಹಾಕಿದೆ. ಆಲೂಗಡ್ಡೆಯನ್ನು ಹೊಳೆಯಾಚೆಯ ಸುನ್ವಾ ತನ್ನಲ್ಲಿ ಇಟ್ಟುಕೊಂಡಿದ್ದಾಳೆ. ಮಧ್ಯಾಹ್ನಗಳು ಈಗ ನನಗೆ ಬಿಡುವು. ದೋಣಿಯ ಎಂಜಿನ್ ಕೋಣೆಗೆ ಬೇರೆ ಹುಡುಗರು ಬಂದಿದ್ದಾರೆ, ನಾನು ಬಂದರಿನ ಕಚೇರಿಯಲ್ಲಿ ಹಗ್ಗ ಎಣಿಸುತ್ತೇನೆ. ಗಾಳಿ ಮಳೆ ಇಲ್ಲದ ಕೆಲಸ.

ಫೋನಿನ ಲೈನು ಸರಿಯಿಲ್ಲ. ಸಮುದ್ರದ ತಳದ ತಂತಿ ಹಳೆಯದು. ಜ್ವರ ಹೋಯಿತೆ?

ಗೋಡೆ ಹೇಗಿರಬೇಕು ಬರೆ. ದಪ್ಪ ಎಷ್ಟು ಬೇಕಾದರೂ ಮಾಡಬಲ್ಲೆ.

ಅಪ್ಪ


ಆರ್ಹೂಸ್
2 ನವೆಂಬರ್ 1997, ಭಾನುವಾರ

ಪ್ರೀತಿಯ ಅಪ್ಪ,

ಲೈಬ್ರರಿಯಲ್ಲಿ ಎರಡು ಮಧ್ಯಾಹ್ನ ಕುಳಿತು ಓದಿದೆ. ದಪ್ಪ ಮುಖ್ಯವಲ್ಲವಂತೆ! ನಾನೂ ಮೊದಲು ಮೊಟ್ಟೆಯ ತಟ್ಟೆಗಳನ್ನು ಗೋಡೆಗೆ ಅಂಟಿಸಿದರೆ ಸಾಕು ಎಂದುಕೊಂಡಿದ್ದೆ. ಅದರಿಂದ ಒಳಗಿನ ಮಾರ್ದನಿ ಕಡಿಮೆಯಾಗುತ್ತದೆಯೇ ಹೊರತು ಸದ್ದು ಹೊರಗೆ ಹೋಗುವುದು ನಿಲ್ಲುವುದಿಲ್ಲ. ಸದ್ದು ಗೋಡೆಯನ್ನು ನಡುಗಿಸುತ್ತದೆ, ಆ ಗೋಡೆ ಇನ್ನೊಂದು ಗೋಡೆಯನ್ನು ನಡುಗಿಸುತ್ತದೆ, ಹಾಗೆ ಕೈಯಿಂದ ಕೈಗೆ ದಾಟಿಕೊಂಡು ಬೀದಿಗೆ ಬರುತ್ತದೆ.

ಆದ್ದರಿಂದ ಕೋಣೆಯ ಒಳಗೆ ಇನ್ನೊಂದು ಕೋಣೆ ಕಟ್ಟಬೇಕು. ಒಳಗಿನದು ಹೊರಗಿನದಕ್ಕೆ ಎಲ್ಲಿಯೂ ತಾಗಬಾರದು. ಗೋಡೆಗೂ ಇಲ್ಲ, ಚಾವಣಿಗೂ ಇಲ್ಲ. ನೆಲದ ಮೇಲೆ ರಬ್ಬರಿಟ್ಟು ಅದರ ಮೇಲೆ ನಿಲ್ಲಿಸಬೇಕು. ಎರಡರ ನಡುವಿನ ಸಂದಿಯಲ್ಲಿ ಮೆತ್ತಗಿನದೇನಾದರೂ ತುಂಬಬೇಕು. ಒಂದೇ ಒಂದು ಉದ್ದದ ಸ್ಕ್ರೂ ಒಳಗೋಡೆಯನ್ನು ಹೊರಗೋಡೆಗೆ ಸೇರಿಸಿದರೂ ಮಾಡಿದ್ದೆಲ್ಲ ನೀರಿಗೆ ಹೋದ ಹಾಗೆ ಎಂದು ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದಿದೆ. ನಾನು ಎರಡು ಗೆರೆ ಹಾಕುತ್ತಿದ್ದೇನೆ.

ಚಿತ್ರ ಬರೆದು ಇಟ್ಟಿದ್ದೇನೆ. ಅಳತೆಗಳು ತಪ್ಪಿದ್ದರೆ ಕ್ಷಮಿಸು. ಚಿತ್ರ ಶವಪೆಟ್ಟಿಗೆಯಂತೆ ಕಾಣುತ್ತಿದ್ದರೆ ಅದಕ್ಕೂ ಕ್ಷಮಿಸು.

ಹಗ್ಗ ಎಣಿಸುವುದು ನಿನಗೆ ಬೇಜಾರಾಗುವುದಿಲ್ಲವೆ? ಎಂಜಿನ್ನು ಬಿಟ್ಟು ನೀನು ಒಂದು ದಿನವೂ ಇರುತ್ತಿರಲಿಲ್ಲ.

ಮಾರ್ಯುನ್


ಹಮ್ರಾವಿಕ್
30 ನವೆಂಬರ್ 1997

ಮಾರ್ಯುನ್,

ಕೋಣೆ ಮುಗಿಯಿತು.

ಬಲೆಯ ತಳಕ್ಕೆ ಕಟ್ಟುವ ರಬ್ಬರ್ ಬಿಲ್ಲೆಗಳಿರುತ್ತವಲ್ಲ, ಅಂಥವು ಇಪ್ಪತ್ತನಾಲ್ಕನ್ನು ಬಂದರಿನಿಂದ ತಂದು ಅವುಗಳ ಮೇಲೆ ಚೌಕಟ್ಟು ನಿಲ್ಲಿಸಿದೆ. ಸುತ್ತಲೂ ಒಂದು ಹೆಬ್ಬೆರಳಿನಷ್ಟು ಸಂದಿ. ಸಂದಿಗೆ ಉಣ್ಣೆ. ನಮ್ಮದು ಸಾಲಲಿಲ್ಲ. ಸುನ್ವಾ ಹದಿನೆಂಟು ಕುರಿಗಳದ್ದು ಕೊಟ್ಟಳು, ಮೇಲ್ಮನೆ ಹಾನುಸ್ ಒಂದು ಗಾಡಿ ತಂದು ಸುರಿದ. ಈಗ ಕೋಣೆಯಿಂದ ಕುರಿಯ ಹೊಟ್ಟೆಯೊಳಗಿನ ವಾಸನೆ ಬರುತ್ತಿದೆ. ಫೆಬ್ರವರಿಯೊಳಗೆ ಹೋಗುತ್ತದೆ. ಹೋಗದೆಯೂ ಇರಬಹುದು.

ಊರಿನವರು ದಿನವೂ ಬರುತ್ತಾರೆ. ನಿನಗೆ ಗೊತ್ತಲ್ಲ, ಬಾಗಿಲು ತಟ್ಟುವವರು ಇಲ್ಲಿಲ್ಲ. ನೆಲಮಾಳಿಗೆಯಲ್ಲಿ ಬಗ್ಗಿದವನು ತಲೆಯೆತ್ತಿದರೆ ಯಾರಾದರೂ ನನ್ನದೇ ಕಪ್ಪಿನಲ್ಲಿ ಕಾಫಿ ಕುಡಿಯುತ್ತ ನಿಂತಿರುತ್ತಾರೆ.

‘ಏನೋ ಸಾಮಲ್, ಪೆಟ್ಟಿಗೆ ಯಾರಿಗೋ?’ ಎಂದ ಹಾನುಸ್.

‘ನಿಂಗೇ. ಅಳತೆ ಕೊಟ್ಟು ಹೋಗು.’

‘ನಂಗೆ ಇಷ್ಟು ದೊಡ್ಡದು ಬೇಡಪ್ಪ. ತಿಮಿಂಗಿಲಕ್ಕೆ ಮಾಡ್ತಿದೀಯ ಅಂದ್ಕೊಂಡೆ.’

ಸುನ್ವಾಳಿಗೆ ಬಾಗಿಲಿನ ಚಿಲಕ ಕಂಡು ಸಿಟ್ಟೇ ಬಂತು. ‘ಈ ಊರಲ್ಲಿ ಪಾದ್ರಿ ಮನೆಗೂ ಒಳಗಿಂದ ಚಿಲಕ ಇಲ್ಲ. ನಿನ್ ಮಗಳು ನಮ್ಮಿಂದ ಏನ್ ಮುಚ್ಚಿಡ್ತಾಳೋ?’ ಎಂದಳು. ಹಾಡು ಎಂದೆ. ‘ಹಾಡನ್ನ ಯಾರಾದ್ರೂ ಮುಚ್ಚಿಡ್ತಾರಾ?’ ಎಂದಳು. ಇಂಗ್ಲಿಷರ ಅಭ್ಯಾಸ ಎಂದು ಹೇಳಿ ಕಳಿಸಿದೆ.

ನಮ್ಮೂರಿನ ಸಣ್ಣತನ ನಿನಗೆ ಕೇಳಿಸಬಾರದೆಂದೇ ಈ ಕೋಣೆ ಕೇಳಿದ್ದೀಯ ಎಂದು ನನಗೆ ಅರ್ಥವಾಗುತ್ತದೆ. ತಪ್ಪೇನಿಲ್ಲ.

ಒಳಗೆ ರೇಡಿಯೊವನ್ನು ಪೂರ್ತಿ ಜೋರಾಗಿ ಹಾಕಿ ಬಾಗಿಲು ಮುಚ್ಚಿ ಹೊರಗೆ ನಿಂತು ಪರೀಕ್ಷೆ ಮಾಡಿದೆ. ಚೂರೂ ಇಲ್ಲ. ಸತ್ತ ಹಾಗೆ. ನಿನ್ನ ಪುಸ್ತಕ ಬರೆದವನು ಗಟ್ಟಿಗ.

ಅಪ್ಪ


ಆರ್ಹೂಸ್
14 ಡಿಸೆಂಬರ್ 1997, ಭಾನುವಾರ

ಪ್ರೀತಿಯ ಅಪ್ಪ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಖುಷಿಯಾಯಿತು. ಐದನೆಯ ಸಲ ಓದುವಾಗ ಭಯವಾಯಿತು.

ಚೂರೂ ಇಲ್ಲ ಎಂದು ಬರೆದಿದ್ದೀಯ. ಪುಸ್ತಕದ ಪ್ರಕಾರ ಮನೆಯಲ್ಲಿ ಕಟ್ಟಿದ ಇಂಥ ಕೋಣೆಯಿಂದ ಸ್ವಲ್ಪವಾದರೂ ಕೇಳಿಸಲೇಬೇಕು. ರೇಡಿಯೊ ಪೂರ್ತಿ ಜೋರಾಗಿದ್ದರೆ ಖಂಡಿತ ಕೇಳಿಸಬೇಕು. ಹೊರಗೆ ನಿಂತು ಕೇಳಿದವರು ಯಾರು? ನೀನೊಬ್ಬನೆಯೆ? ಬೇರೆ ಯಾರನ್ನಾದರೂ ನಿಲ್ಲಿಸಿ ನೋಡುತ್ತೀಯ? ಅಂಗಳದಲ್ಲಿ ಒಮ್ಮೆ, ಬೀದಿಯಲ್ಲಿ ಒಮ್ಮೆ. ನಿನ್ನ ಮೇಲೆ ನಂಬಿಕೆಯಿಲ್ಲವೆಂದಲ್ಲ. ನನಗೆ ಯಾವುದರ ಮೇಲೂ ಇಲ್ಲ.

ಊರಿನವರ ಬಗ್ಗೆ ನೀನು ಬರೆದದ್ದು ಸರಿಯಲ್ಲ. ಸಣ್ಣತನ ಎಂದು ನಾನು ಯಾವಾಗ ಹೇಳಿದೆ? ಕೇಳಿಸಬಾರದು ಎಂದದ್ದು ಅವರು ಆಡುವುದು ನನಗಲ್ಲ, ನಾನು ಹಾಡುವುದು ಅವರಿಗೆ.

ಇಲ್ಲಿ ಎಲ್ಲ ಚೆನ್ನಾಗಿದೆ. ನಮ್ಮ ಟೀಚರ್ ಬೋದಿಲ್ ಹೋದ ವಾರ ನನ್ನನ್ನು ಎಲ್ಲರ ಮುಂದೆ ಹೊಗಳಿದರು.

ಗ್ರಿಮ್ಸ್‌ಬಿಯಿಂದ ಫೋನ್ ಮಾಡುತ್ತೇನೆ. ನಿನಗೆ ಮಾತಾಡಲು ಇಷ್ಟವಿಲ್ಲದಿದ್ದರೆ ಹಬ್ಬದ ಶುಭಾಶಯ ಹೇಳಿ ಇಟ್ಟುಬಿಡು, ಪರವಾಗಿಲ್ಲ.

ಮಾರ್ಯುನ್


ಹಮ್ರಾವಿಕ್
18 ಜನವರಿ 1998

ಮಾರ್ಯುನ್, ಮಗಳೇ,

ಏಳು ವಾರ ಬರೆಯಲಿಲ್ಲ. ಬರೆಯಲು ಕುಳಿತೆ, ಎದ್ದೆ.

ಹೊರಗೆ ನಿಂತು ಕೇಳಿದವರು ಯಾರು ಎಂದು ನೀನು ಕೇಳಿದ್ದೆ. ನಾನೇ. ನಾನೊಬ್ಬನೇ.

ನಿನ್ನ ಪತ್ರ ಬಂದ ಮೇಲೆ ಸುನ್ವಾಳನ್ನು ಕರೆದು ಅಂಗಳದಲ್ಲಿ ನನ್ನ ಪಕ್ಕ ನಿಲ್ಲಿಸಿಕೊಂಡೆ. ಒಳಗೆ ರೇಡಿಯೊ ಹಾಕಿತ್ತು.

‘ಏನಾದ್ರೂ ಕೇಳುತ್ತಾ?’ ಎಂದೆ.

‘ನಾಳೆ ವಾಯವ್ಯದ ಗಾಳಿ,’ ಎಂದಳು. ‘ಮಧ್ಯಾಹ್ನದ ಮೇಲೆ ಜೋರಾಗುತ್ತಂತೆ. ಸಣ್ಣ ದೋಣಿಗಳು ಹೊರಡಬಾರ್ದಂತೆ.’

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ‘ಹೋದ ತಿಂಗಳು ಒಳಗೆ ಬೆರಳಿಗೆ ಸುತ್ತಿಗೆ ಹೊಡ್ಕೊಂಡು ಬೈದ್ಯಲ್ಲ, ಅದೂ ಹೊಳೆ ದಾಟಿ ನಮ್ಮನೆಗೆ ಕೇಳಿತ್ತು. ಆ ಮಾತೆಲ್ಲ ನಿಂಗೆ ಯಾರು ಕಲಿಸಿದ್ರೋ?’

ನಾನು ಒಳಗೆ ಹೋಗಿ ರೇಡಿಯೊ ಆರಿಸಿ ಬಂದೆ.

‘ಸಾಮಲ್,’ ಎಂದಳು ಆಮೇಲೆ, ‘ನಿನ್ ಕಿವಿ ಹೋಗಿದೆ ಅಂತ ಊರಿಗೆಲ್ಲ ಗೊತ್ತು. ನಿಂಗೆ ಗೊತ್ತಿಲ್ಲ ಅಂತ ನಾವು ಸುಮ್ನಿದ್ವಿ.’

‘ನಂಗೂ ಗೊತ್ತು ಮಾರಾಯ್ತಿ. ನಿಮಗೆ ಗೊತ್ತಿಲ್ಲ ಅಂತ ನಾನು ಸುಮ್ನಿದ್ದೆ.’

ಹೀಗಿದೆ ವಿಷಯ. ಆಗಸ್ಟಿನಲ್ಲಿ ನೀನು ಹೊರಟ ಮರುವಾರವೇ ಟೋಸ್‌ಹಾವ್ನ್ ಪಟ್ಟಣದಲ್ಲಿ ನಾವಿಕರ ವೈದ್ಯಕೀಯ ತಪಾಸಣೆಯಾಯಿತು. ಇಪ್ಪತ್ತಾರು ವರ್ಷ ಎಂಜಿನ್ನಿನ ಪಕ್ಕ ನಿಂತವನಿಗೆ ಇದು ಹೊಸದೇನಲ್ಲ ಎಂದರು ಡಾಕ್ಟರು. ಮೆಲ್ಲಗಿನ ಸದ್ದುಗಳು ಹೋಗಿವೆ, ಮೇಲಿನ ಸ್ವರಗಳು ಹೋಗಿವೆ. ಕಡಲ ಹಕ್ಕಿಗಳು ಊರು ಬಿಟ್ಟು ಹೋದವು ಎಂದು ನಾನು ಎರಡು ವರ್ಷದಿಂದ ಅಂದುಕೊಂಡಿದ್ದೆ. ಎಂಜಿನ್ ಕೋಣೆಗೆ ನನ್ನನ್ನು ಇನ್ನು ಬಿಡುವುದಿಲ್ಲ, ಅದಕ್ಕೇ ಹಗ್ಗ. ಕಿವಿಗೆ ಹಾಕುವ ಯಂತ್ರಕ್ಕೆ ಹೆಸರು ಬರೆಸಿದ್ದೇನೆ, ಮೇ ತಿಂಗಳಿಗೆ ಸರದಿ ಬರುತ್ತದಂತೆ. ಸಮುದ್ರದ ತಳದ ತಂತಿ ಸರಿಯಾಗಿಯೇ ಇದೆ. ಜ್ವರದ ವಿಷಯ ನನಗೆ ನಿನ್ನ ಪತ್ರದಿಂದಲೇ ತಿಳಿದದ್ದು.

ಈಗ ಕೋಣೆಯ ವಿಷಯ. ನಾನು ಪುಸ್ತಕದ ಹಾಗೆಯೇ ಕಟ್ಟಿದ್ದೆ, ಆದರೂ ಸದ್ದು ಹೇಗೆ ಹೊರಗೆ ಬಂತು ಎಂದು ಒಳಗೋಡೆಯ ಎರಡನೆಯ ಪದರದ ಹಲಗೆಗಳನ್ನು ಬಿಚ್ಚಿದೆ. ಕೆಳಗೆ ಹದಿನಾಲ್ಕು ಬೋಲ್ಟುಗಳು! ಒಂದೊಂದೂ ಗೇಣುದ್ದ. ಒಳಗೋಡೆಯಿಂದ ಹೊರಟು ಉಣ್ಣೆಯನ್ನು ದಾಟಿ ಕಲ್ಲಿನ ಗೋಡೆಯೊಳಗೆ ಹೋಗಿವೆ. ನಾನು ಹಾಕಿದ್ದಲ್ಲ.

ಹಾನುಸ್‌ನನ್ನು ಕೇಳಿದೆ. ಮುಚ್ಚಿಡಲಿಲ್ಲ. ‘ಹೂಂ, ನಾನು, ನಮ್ಮನೆ ಮಿಕ್ಯಾಲ್ ಇಬ್ರೂ ಸೇರಿ ಹಾಕಿ, ಮೇಲೆ ಹಲಗೆ ಮುಚ್ಚಿದ್ವಿ. ನೀನು ಬಂದರಿಗೆ ಹೋಗಿದ್ದೆ. ಗೋಡೆಗೆ ಕೈಯಿಟ್ರೆ ಅಲ್ಲಾಡ್ತಿತ್ತು ಕಣೋ. ಪಾಪ, ಸಾಮಲ್‌ಗೆ ವಯಸ್ಸಾಯ್ತು, ಬಿಗಿ ಮಾಡೋದು ಮರ್ತಿದಾನೆ ಅಂದ್ಕೊಂಡ್ವಿ. ನಿಂಗೆ ಮುಜುಗರ ಆಗ್ಬಾರ್ದು ಅಂತ ಹೇಳ್ಲಿಲ್ಲ.’

‘ಅಲ್ಲಾಡ್ಲಿ ಅಂತಲೇ ಬಿಟ್ಟಿದ್ದು. ಅದು ಮನೆಗೆ ತಾಗಬಾರ್ದು.’

‘ತಾಗದೆ ಇದ್ರೆ ಗಾಳಿ ಬಂದಾಗ?’

‘ನೆಲಮಾಳಿಗೆಯೊಳಗೆ ಎಲ್ಲಿಂದ ಬರುತ್ತೋ ಗಾಳಿ?’

‘ಅದು ಹೇಳಿ ಕೇಳಿ ಬರುತ್ತಾ?’

ಬೈಯಲು ನನಗೆ ಬಾಯಿ ಬರಲಿಲ್ಲ. ನೀನು ಹುಟ್ಟಿದ ವರ್ಷ ಚರ್ಚಿನ ಚಾವಣಿಯನ್ನೇ ಗಾಳಿ ಕಿತ್ತು ಕೊಲ್ಲಿಗೆ ಎಸೆದದ್ದನ್ನು ನೋಡಿದವರು ನಾವು. ಕೋಳಿಗೂಡನ್ನೂ ಬಂಡೆಗೆ ಸರಪಳಿ ಹಾಕಿ ಕಟ್ಟುತ್ತೇವೆ. ಸಡಿಲವಾಗಿ ನಿಂತದ್ದನ್ನು ಕಂಡರೆ ಇಲ್ಲಿಯವರಿಗೆ ನಿದ್ದೆ ಬರುವುದಿಲ್ಲ. ನಾನು ಕಟ್ಟುವಾಗಲೂ ಕೈ ಎರಡು ಸಲ ಬೋಲ್ಟಿನ ಡಬ್ಬಿಗೆ ಹೋಗಿತ್ತು.

ಹಾನುಸ್ ತಾನೇ ಬಂದು ಹದಿನಾಲ್ಕನ್ನೂ ಬಿಚ್ಚಿದ. ಒಂದೊಂದು ಬಿಚ್ಚಿದಾಗಲೂ ಗೋಡೆಗೆ ಭುಜ ಕೊಟ್ಟು ನಿಂತು ನೋಡುತ್ತಿದ್ದ, ಬಿದ್ದರೆ ಹಿಡಿಯುವವನ ಹಾಗೆ. ಬೀಳಲಿಲ್ಲ. ಮತ್ತೆ ಹಲಗೆ ಹಾಕಿ, ರೇಡಿಯೊ ಹಾಕಿ, ಸುನ್ವಾಳನ್ನು ನಿಲ್ಲಿಸಿದೆ. ಬಾಗಿಲಿಗೆ ಕಿವಿಯಿಟ್ಟರೆ ಯಾರೋ ದೂರದಲ್ಲಿ ಗೊಣಗಿದ ಹಾಗಿದೆಯಂತೆ, ಅಂಗಳದಲ್ಲಿ ಬರೀ ಗಾಳಿಯಂತೆ. ಇದು ಅವಳ ಕಿವಿಯ ಮಾತು, ನಂಬು.

ಅಪ್ಪ


ಆರ್ಹೂಸ್
1 ಫೆಬ್ರವರಿ 1998, ಭಾನುವಾರ

ಅಪ್ಪ,

ನೀನು ಹೇಳಿದೆ. ಈಗ ನಾನು.

ಬೋದಿಲ್ ನನ್ನನ್ನು ಹೊಗಳಿಲ್ಲ. ಹೊಗಳಲು ಅವರು ನನ್ನ ಹಾಡನ್ನೇ ಕೇಳಿಲ್ಲ. ಮೂರನೆಯ ವಾರ ನನ್ನ ಸರದಿ ಬಂದಾಗ ಹನ್ನೊಂದು ಕುರ್ಚಿಗಳು ನನ್ನ ಕಡೆಗೆ ತಿರುಗಿದವು, ನನ್ನಿಂದ ಒಂದು ಸ್ವರವೂ ಹೊರಡಲಿಲ್ಲ. ಅವತ್ತಿನಿಂದ ತರಗತಿಯಲ್ಲಿ ಬಾಯಿ ಆಡಿಸುತ್ತೇನೆ, ದನಿ ತೆಗೆಯುವುದಿಲ್ಲ. ಬೋದಿಲ್‌ಗೆ ಗೊತ್ತು. ಅದಕ್ಕೇ ಟೇಪ್ ಎಂದರು.

ಇದು ಹಳೆಯದು. ಹನ್ನೊಂದು ವರ್ಷದವಳಿದ್ದಾಗ ಹಾಸ್ಟೆಲ್ಲಿನ ಸ್ನಾನದ ಮನೆಯಲ್ಲಿ ನೀನು ಕಲಿಸಿದ ದೋಣಿ ಎಳೆಯುವ ಹಾಡನ್ನು ಹಾಡಿಕೊಂಡಿದ್ದೆ. ಬಾಗಿಲು ತೆರೆದರೆ ಹೊರಗೆ ಹುಡುಗಿಯರು ಸಾಲಾಗಿ ನಿಂತಿದ್ದರು. ಆ ವರ್ಷವಿಡೀ ನನ್ನನ್ನು ಕಂಡಾಗಲೆಲ್ಲ ಅದನ್ನೇ ಮೂಗಿನಲ್ಲಿ ಹಾಡಿ ತೋರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ನಾನು ದ್ವೀಪದವಳು, ದ್ವೀಪದಲ್ಲಿ ಇಂಗ್ಲಿಷಿನವಳು. ಎಲ್ಲಿ ಬಾಯಿ ತೆರೆದರೂ ಯಾರಾದರೂ ತಲೆಯೆತ್ತುತ್ತಾರೆ. ಅದಕ್ಕೆ ಯಾರಿಗೂ ಕೇಳಿಸದ ಕೋಣೆ ಬೇಕಿತ್ತು.

ನಿನ್ನ ಕಿವಿಯ ಬಗ್ಗೆ ಓದಿ ಮೊದಲು ನನಗೆ ಆದದ್ದು ಸಮಾಧಾನ. ನಾಚಿಕೆಯಾಗುತ್ತದೆ ಹೇಳಲು. ಇಷ್ಟು ದಿನ ನೀನು ಫೋನಿನಲ್ಲಿ ‘ಹಾಂ, ಹಾಂ’ ಎಂದಾಗಲೆಲ್ಲ, ನನ್ನ ಮುರಿದ ಭಾಷೆ ಕೇಳಿ ನಿನಗೆ ಸಾಕಾಗಿದೆ ಎಂದು ತಿಳಿದಿದ್ದೆ. ಆಮೇಲೆ ಅಳು ಬಂತು. ಪಕ್ಕದವಳಿಗೆ ಕೇಳಿಸಿರಬೇಕು, ಬಾಗಿಲಲ್ಲಿ ಒಂದು ಸೇಬು ಇಟ್ಟು ಹೋಗಿದ್ದಾಳೆ.

ಅಪ್ಪ, ಯಾರಿಗೂ ಕೇಳಿಸಬಾರದು ಎಂದು ಬರೆದೆನಲ್ಲ, ಅದರಲ್ಲಿ ನೀನು ಸೇರಿರಲಿಲ್ಲ.

ಶನಿವಾರ ಬರುತ್ತೇನೆ, ಈ ಪತ್ರದ ಹಿಂದೆಯೇ. ಆ ಕೋಣೆಯಲ್ಲಿ ಎರಡು ಕುರ್ಚಿ ಹಿಡಿಸುತ್ತವೆಯೆ?

ಮಾರ್ಯುನ್


ಹಮ್ರಾವಿಕ್
18 ಫೆಬ್ರವರಿ 1998

ಮಾರ್ಯುನ್,

ಹೊರಡುವಾಗ ಹಡಗುಕಟ್ಟೆಯಲ್ಲಿ ನೀನು ನನ್ನ ತೋಳು ಹಿಡಿದು ‘ನಿಜ ಹೇಳು, ಎಷ್ಟು ಕೇಳಿಸ್ತು?’ ಎಂದೆ. ಹಡಗು ಕೂಗಿತು, ನಾನು ಉತ್ತರ ಕೊಡಲಿಲ್ಲ. ಹಡಗು ಕೂಗಿದ್ದು ನನಗೆ ಕೇಳಿಸುತ್ತದೆ. ಉತ್ತರ ಸಿದ್ಧವಿರಲಿಲ್ಲ, ಅಷ್ಟೆ. ಈಗ ಬರೆಯುತ್ತೇನೆ.

ಮೊದಲನೆಯ ದಿನ, ಮಂಗಳವಾರ, ಏನೂ ಕೇಳಿಸಲಿಲ್ಲ. ನೀನು ಅರ್ಧ ಗಂಟೆ ಮೈಕಿನ ಮುಂದೆ ಸುಮ್ಮನೆ ನಿಂತಿದ್ದೆ, ಅದು ಬೇರೆ. ಆಮೇಲೆ ಹಾಡಿದಾಗಲೂ ಕಂಡದ್ದು ನಿನ್ನ ಬಾಯಿ ಮಾತ್ರ, ಗಾಜಿನ ಆಚೆಯವರ ಹಾಗೆ. ನಾನು ತಲೆಯಾಡಿಸುತ್ತ ಕೂತೆ. ನೀನು ನಿಲ್ಲಿಸಿ, ಬಗ್ಗಿ, ನನ್ನ ಕಿವಿಯಲ್ಲಿ ಕೂಗಿದೆ: ‘ಸುಳ್ಳು ಸುಳ್ಳೇ ತಲೆ ಆಡಿಸ್ಬೇಡ, ಅಪ್ಪ!’ ನೀನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಎರಡನೆಯ ದಿನ ನೀನು ಅದೇ ದೋಣಿ ಎಳೆಯುವ ಹಾಡನ್ನು ಕೆಳಗಿನ ಸ್ವರಕ್ಕೆ ಇಳಿಸಿದೆ. ಗಾಳಿ ಬೀಸಿದ ಹಾಗೆ ಏನೋ ಬಂತು. ನಾನು ಬೆರಳಿನಿಂದ ನೆಲ ತೋರಿಸಿದೆ, ಇನ್ನೂ ಕೆಳಗೆ ಎಂದು. ‘ಅಷ್ಟು ಕೆಳಗೆ ನಂಗೆ ದನಿ ಇಲ್ಲ, ಶಾಲೇಲಿ ಯಾವಾಗ್ಲೂ ನನ್ನ ಮೇಲಿನ ದನಿಯವರ ಸಾಲಲ್ಲೇ ನಿಲ್ಲಿಸ್ತಿದ್ರು’ ಎಂದೆ ನೀನು. ಇಳಿದೆ. ಇನ್ನೂ ಇಳಿದೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ, ನೀನು ಸಿಟ್ಟಿನಲ್ಲಿದ್ದೆ. ಆ ಸಿಟ್ಟಿನಲ್ಲಿ ಒಂದು ಸಲ ಹಾಡು ಬಂತು. ದನಿ ಬಂತು, ಆಮೇಲೆ ಪದಗಳು ಬಂದವು, ಕೊನೆಗೆ ‘ಎಳೆ’ ಎನ್ನುವಲ್ಲಿ ನೀನು ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ನನ್ನ ಕುರ್ಚಿ ನಡುಗುತ್ತಿತ್ತು. ನಾನು ತಲೆಯಾಡಿಸಲಿಲ್ಲ, ನೀನು ಗಮನಿಸಿರಬೇಕು.

ನಿನ್ನ ಪ್ರಶ್ನೆಗೆ ಉತ್ತರ: ಬುಧವಾರದಿಂದ ಶುಕ್ರವಾರದವರೆಗೆ, ಎಲ್ಲ.

ಇನ್ನೊಂದು. ಸುನ್ವಾ ನಾಲ್ಕು ದಿನವೂ ಅಂಗಳದಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತಿದ್ದಳು. ಫೆಬ್ರವರಿಯಲ್ಲಿ ಬಟ್ಟೆ! ಏನೂ ಕೇಳಿಸಲಿಲ್ಲವಂತೆ. ‘ಒಳ್ಳೇ ಕೋಣೆ ಕಟ್ಟಿದೀಯ, ಹಾಳಾಗ್ ಹೋಗು’ ಎಂದು ಬೈದು ಹೋದಳು.

ಅಪ್ಪ


ಆರ್ಹೂಸ್
12 ಮಾರ್ಚ್ 1998, ಗುರುವಾರ

ಪ್ರೀತಿಯ ಅಪ್ಪ,

ಇದು ಭಾನುವಾರದ ಪತ್ರವಲ್ಲ. ಭಾನುವಾರದವರೆಗೆ ಕಾಯಲಾಗಲಿಲ್ಲ.

ಸೀಟು ಉಳಿಯಿತು. ಸೋಮವಾರ ಪಟ್ಟಿಯನ್ನು ಸೂಚನಾ ಫಲಕದ ಮೇಲೆ ಹಾಕಿದರು, ನನ್ನ ಹೆಸರನ್ನು ಬೆರಳಿಟ್ಟು ಮೂರು ಸಲ ಓದಿಕೊಂಡೆ. ಮಧ್ಯಾಹ್ನ ಬೋದಿಲ್ ಕರೆಸಿದರು. ಟೇಪ್ ಮೇಜಿನ ಮೇಲಿತ್ತು. ‘ಇಷ್ಟು ಕೆಳಗೆ ಹಾಡೋದನ್ನ ನಿಂಗೆ ಯಾರು ಕಲಿಸಿದ್ರು?’ ಎಂದರು. ನಮ್ಮಪ್ಪ ಎಂದೆ. ‘ಅವರು ಹಾಡುಗಾರರಾ?’ ಎಂದರು. ಅಲ್ಲ, ಎಂಜಿನ್ ಕೆಲಸದವರು, ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದೆ. ಅವರು ನಗಬೇಕೋ ಬೇಡವೋ ತಿಳಿಯದೆ ನನ್ನನ್ನು ನೋಡಿದರು. ನಾನು ನಕ್ಕ ಮೇಲೆ ನಕ್ಕರು.

ಆಮೇಲೆ, ಗುರುವಾರದ ತರಗತಿಯಲ್ಲಿ ಇವುಗಳಲ್ಲಿ ಒಂದನ್ನು ಹಾಡುತ್ತೀಯಾ ಎಂದು ಕೇಳಿದರು. ಕಡ್ಡಾಯವಿಲ್ಲ, ಸೀಟಿಗೂ ಅದಕ್ಕೂ ಸಂಬಂಧವಿಲ್ಲ, ಬೇಡವೆಂದರೆ ಬೇಡ. ಬೇಡ ಎಂದು ಹೇಳಲು ಬಾಯಿ ತೆರೆದವಳು ಆಗಲಿ ಎಂದುಬಿಟ್ಟೆ.

ಇವತ್ತು ಹತ್ತೂವರೆಗೆ ಹಾಡಿದೆ. ಹನ್ನೊಂದು ಕುರ್ಚಿಗಳೂ ತಿರುಗಿದವು. ಮೊದಲ ಸಾಲಿನಲ್ಲಿ ದನಿ ಒಡೆಯಿತು, ನಿಲ್ಲಿಸಿ ಇನ್ನೊಮ್ಮೆ ಶುರು ಮಾಡಿದೆ, ಯಾರೂ ನಗಲಿಲ್ಲ. ಎರಡನೆಯ ಚರಣದಲ್ಲಿದ್ದಾಗ ನೋಡುತ್ತೇನೆ, ಬೀದಿಯ ಕಡೆಯ ಕಿಟಕಿ ಪೂರ್ತಿ ತೆರೆದಿದೆ. ಕೆಳಗೆ ಬಸ್ಸು ನಿಲ್ಲುವ ಜಾಗ, ಜನ ನಿಂತಿದ್ದಾರೆ. ಕಿಟಕಿ ನನ್ನ ಕೈಗೆ ಎಟುಕುವಷ್ಟು ಹತ್ತಿರವಿತ್ತು.

ಮುಚ್ಚಲಿಲ್ಲ, ಅಪ್ಪ. ಇನ್ನೂ ಒಂದು ಚರಣ ಬಾಕಿಯಿತ್ತು, ಅದನ್ನೂ ಹಾಡಿದೆ.

ನಿನ್ನ
ಮಾರ್ಯುನ್